ಏಳನೆಯ ಭಾಗಕ್ಕೆ ನುಗ್ಗಿದ ಹಲ್ಲಿ

ನಾನು ಕಣ್ಣಾರೆ ಕಂಡದ್ದು, ಸುಳ್ಳಾದರೆ ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ. ತೊಗಲುಗೊಂಬೆಯ ಸಿಂಹವೊಂದು ಬಾವಿಗೆ ಹಾರಿ ಮೊಲದ ಮರಿಯನ್ನು ಉಳಿಸಿದ ಆಟ ಮಕ್ಕಳಿಗೆ ಬಲು ಹಿಡಿಸಿತು. ಆಮೇಲೆ ಶುರುವಾಯಿತು ನೋಡಿ, ಎರಡನೆಯ ಭಾಗ, ಮೂರನೆಯ ಭಾಗ! ಅದೇ ಬಾವಿ, ಅದೇ ಮೊಲ, ಸಿಂಹದ ಕೇಸರಕ್ಕೆ ಮಾತ್ರ ಹೊಸ ಬಣ್ಣ. ಏಳನೆಯ ಭಾಗದ ದಿನ ಸಿಂಹ ಬಾಯಿ ತೆರೆಯುವ ಮೊದಲೇ ಮಕ್ಕಳು ಅದರ ಮಾತನ್ನೆಲ್ಲ ಒಪ್ಪಿಸಿ, ಆಕಳಿಸಿ, ಚಾಪೆ ಸುತ್ತತೊಡಗಿದರು.

ಪರದೆಯ ಹಿಂದಿನ ಗೋಡೆಯಿಂದ ಹಲ್ಲಿ ಹೇಳಿತು: “ಸಿಂಹಣ್ಣ, ನನ್ನನ್ನೂ ಆಟಕ್ಕೆ ಸೇರಿಸಿಕೋ.”

“ನಿನ್ನ ಮೋರೆ ಯಾರಿಗೆ ಗೊತ್ತು? ಮಕ್ಕಳಿಗೆ ಮೊದಲೇ ಕಂಡದ್ದೇ ಇಷ್ಟ. ತೆಪ್ಪಗಿರು,” ಎಂದಿತು ಸಿಂಹ.

“ಹಾಗಾದರೆ ಅವರೇಕೆ ಎದ್ದು ಹೊರಟರು?” ಎನ್ನುತ್ತ ಹಲ್ಲಿ ದೀಪದ ಮುಂದಕ್ಕೆ ಜಿಗಿಯಿತು. ಅದರ ನೆರಳು ಪರದೆಯ ತುಂಬ ಮೊಸಳೆಯಾಗಿ ಬಿತ್ತು. ಸಾಲದ್ದಕ್ಕೆ ಅದರ ಬಾಲ ಕಳಚಿ ಬಿದ್ದು ತಾನೇ ಬೇರೆಯಾಗಿ ಕುಣಿಯಿತು. ಮಕ್ಕಳು ದಡಕ್ಕನೆ ಕೂತರು. ಅವರ ಚಪ್ಪಾಳೆಗೆ ಚಾವಣಿಯ ಹೆಂಚುಗಳು ಹಾರಿ ಪಕ್ಕದೂರಿನ ಮಾಡಿನ ಮೇಲೆ ಬಿದ್ದವು.

“ಮುಂದೇನು, ಹಲ್ಲಿ ತಾಯಿ?” ಎಂದು ಸಿಂಹ ನಡುಗುತ್ತ ಕೇಳಿತು.

“ನನಗೂ ಗೊತ್ತಿಲ್ಲ ಕಣಣ್ಣ. ಅದಕ್ಕೇ ಯಾರೂ ಏಳುತ್ತಿಲ್ಲ!”

ಏಳು ಭಾಗಗಳಲ್ಲಿ ಮೊದಲ ಸಲ ಸಿಂಹ ನಿಜವಾಗಿ ಗರ್ಜಿಸಿತು.