ಒಂಟಿದೀಪದ ಗುಡ್ಡ

ಕರೆಗಲ್ಲಿನಲ್ಲಿ ಬಸ್ಸಿಳಿದು ಉತ್ತರಕ್ಕೆ ತಿರುಗಿದರೆ ಕಾಣುವ ಬೋಳು ಗುಡ್ಡವೇ ಒಂಟಿದೀಪದ ಗುಡ್ಡ. ಮೇಲೆ ಗುಡಿಯಿಲ್ಲ, ಮರವಿಲ್ಲ. ಯಾರೋ ಅವಸರದಲ್ಲಿ ಪೇರಿಸಿಟ್ಟು ಹೋದಂತಿರುವ ಹೆಬ್ಬಂಡೆಗಳು, ಅವುಗಳ ಸಂದಿನಲ್ಲಿ ಕಳ್ಳಿ ಪೊದೆಗಳು, ಅಷ್ಟೆ. ತುದಿಯ ಬಂಡೆಯ ಮೈಮೇಲೆ ನೇಗಿಲು ಎಳೆದಂತೆ ಆಳವಾದ ಗೀರುಗಳಿವೆ. ಅವು ಮಳೆನೀರು ಕೊರೆದ ಗೀರುಗಳೆಂದು ಓದಿದವರು ಹೇಳುತ್ತಾರೆ. ಮಳೆನೀರು ಬಂಡೆಗೆ ಅಡ್ಡಡ್ಡ ಹರಿಯುವುದನ್ನು ನಾನಂತೂ ನೋಡಿಲ್ಲ. ಹೋಗಲಿ, ಅವರ ಓದು ಅವರಿಗೆ. ಈ ಹೆಸರು ಬಂದ ಬಗೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದಂತೆಯೇ ಬರೆಯುತ್ತೇನೆ. ಕೇಳಿ ಸಮಾಧಾನಪಡುವಂಥ ಕತೆ ಇದಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲಕ್ಕೂ ಮೊದಲು, ಈ ಸೀಮೆಯಲ್ಲಿ ರೆಕ್ಕೆಯಾಳಿಗಳ ಕಾಟವಿತ್ತು ಎನ್ನುತ್ತಾರೆ. ಗುಡಿಯ ಕಂಬಗಳಲ್ಲಿ ಕೆತ್ತಿರುವ ಯಾಳಿಯದೇ ಮೋರೆ, ಬಾವಲಿಗಿರುವಂಥ ತೊಗಲಿನ ರೆಕ್ಕೆ, ಎಮ್ಮೆಯನ್ನೇ ಎತ್ತಿಕೊಂಡು ಹೋಗುವ ಬಲ. ಅಮಾವಾಸ್ಯೆಯ ಮುಸ್ಸಂಜೆಗೆ ಬರುತ್ತಿದ್ದ ಅವು ಬೆಳಕು ಕಂಡಲ್ಲಿಗೇ ಇಳಿದು, ಮಾಡು ಕಿತ್ತು, ಮನೆಯವರನ್ನು ಹೊತ್ತೊಯ್ಯುತ್ತಿದ್ದವು. ಇದನ್ನು ಅರಿತ ಕೆಲವರು ಒಂದು ಗುಟ್ಟಿನ ಕೂಟ ಕಟ್ಟಿಕೊಂಡರು. ಕರಿಕಂಬಳಿಯ ಮುಸುಕು ಹಾಕಿ ಗುಡ್ಡ ಹತ್ತುತ್ತಿದ್ದುದರಿಂದ ಅವರು ಮುಸುಕಿನವರು. ಅಮಾವಾಸ್ಯೆಯ ಸಂಜೆ ಊರಿನಲ್ಲಿ ಯಾರೂ ದೀಪ ಹಚ್ಚಬಾರದೆಂಬ ಕಟ್ಟಳೆಯನ್ನು ಅವರೇ ಸತ್ತ ಹಿರಿಯರ ಹೆಸರು ಹೇಳಿ ಹಬ್ಬಿಸಿದರು. ಗುಡ್ಡದ ತುದಿಯಲ್ಲಿ ಮಾತ್ರ ಒಂದು ದೀಪವಿಟ್ಟು, ಒಬ್ಬ ಬಂಡೆಯ ಸೀಳಿನೊಳಗೆ ಅಡಗಿ ಅದಕ್ಕೆ ಎಣ್ಣೆ ಹೊಯ್ಯುತ್ತಿದ್ದ. ಯಾಳಿಗಳು ಅಲ್ಲಿಗೇ ಬಂದು, ಕಲ್ಲನ್ನು ಕೆರೆದು ಕೆರೆದು, ಏನೂ ಸಿಕ್ಕದೆ ಹಿಂದಿರುಗುತ್ತಿದ್ದವು. ನಿಜ ತಿಳಿದರೆ ಜನ ಹೆದರಿ ಊರೇ ಬಿಟ್ಟಾರೆಂದು ಮುಸುಕಿನವರು ಬಾಯಿ ಬಿಡುತ್ತಿರಲಿಲ್ಲ. ಕೂಟಕ್ಕೆ ಸೇರುವವನು ತನ್ನ ಮಗುವಿನ ನೆತ್ತಿ ಮುಟ್ಟಿ ಆಣೆಯಿಡಬೇಕಿತ್ತು. ಗುಟ್ಟು ಬಿಟ್ಟುಕೊಟ್ಟರೆ ಆ ಮಗು ಯಾಳಿಯ ಪಾಲು.

ತಲೆಮಾರುಗಳು ಕಳೆದು, ಕೂಟದಲ್ಲಿ ಮೂವರೇ ಉಳಿದ ಕಾಲಕ್ಕೆ ದೀಪ ಕಾಯುವ ಕೆಲಸ ದನಗಾಹಿ ಬೋಸಯ್ಯನ ಪಾಲಿಗೆ ಬಂದಿತ್ತು. ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿದ್ದವಳು ಮಗಳು ಸೂರಮ್ಮ ಒಬ್ಬಳೇ. ಅವಳು ತೊಟ್ಟಿಲಲ್ಲಿದ್ದಾಗಲೇ ಅವನು ಅವಳ ನೆತ್ತಿ ಮುಟ್ಟಿ ಆಣೆಯಿಟ್ಟಿದ್ದ. ಅಷ್ಟರಲ್ಲಿ ಯಾಳಿಯ ನೆನಪು ಊರಿನಿಂದ ಅಳಿಸಿಹೋಗಿತ್ತು, ಗುಡ್ಡದ ಬೆಳಕು ಮಾತ್ರ ಕಾಣುತ್ತಿತ್ತು. ಯಾರೂ ಹಚ್ಚದೆ ಉರಿಯುವ ದೀಪವೆಂದು ಜನ ಅದಕ್ಕೆ ಕೈಮುಗಿದರು. ಕಾಯಿಲೆ ಬಿದ್ದ ಹಸು ಎದ್ದಿತೆಂದು ಒಬ್ಬಳು ತನ್ನ ಹೊಸ್ತಿಲ ಮೇಲೆ ಗುಡ್ಡಕ್ಕೆ ಎದುರಾಗಿ ಒಂದು ಹಣತೆ ಹಚ್ಚಿಟ್ಟಳು. ಅಂದು ಯಾಳಿಗಳು ಗುಡ್ಡದ ದೀಪಕ್ಕೇ ಬಂದವು, ಅವಳಿಗೆ ಏನೂ ಆಗಲಿಲ್ಲ. ಆಗದೆ ಹೋದದ್ದೇ ಕೆಟ್ಟದ್ದಾಯಿತು. ಮುಂದಿನ ಅಮಾವಾಸ್ಯೆಗೆ ಇನ್ನಷ್ಟು ಮನೆಯವರು ಹರಕೆ ಹೊತ್ತರು. ಭಕ್ತಿ ಹುಟ್ಟಿದ ಮೇಲೆ ಹಳೆಯ ಕಟ್ಟಳೆಯನ್ನು ಯಾರು ಕೇಳುತ್ತಾರೆ?

ಬೋಸಯ್ಯ ಉಳಿದಿಬ್ಬರ ಬಳಿಗೆ ಹೋಗಿ, ಇನ್ನು ಊರಿಗೆ ನಿಜ ಹೇಳಿಬಿಡೋಣವೆಂದು ಅಂಗಲಾಚಿದನಂತೆ. ಹೇಳುವುದಾದರೆ ನಿನ್ನ ಮಗಳ ಮೇಲೆ ಹೇಳು, ನಮ್ಮ ಮಕ್ಕಳನ್ನು ಬಿಡು ಎಂದರು ಅವರು. ಅವನು ಬಂದ ದಾರಿಯಲ್ಲೇ ಮನೆಗೆ ಹಿಂದಿರುಗಿದ. ಆ ಅಮಾವಾಸ್ಯೆಯ ಸಂಜೆ ಅವನು ಎಣ್ಣೆಯ ಗಡಿಗೆ ಹಿಡಿದು ಹೊರಡುವಾಗ ಸೂರಮ್ಮನೂ ಹೊಸ್ತಿಲಲ್ಲಿ ಹಣತೆ ಹಚ್ಚಿದ್ದಳು. ಅಪ್ಪ ಮುಸುಕು ಹಾಕಿ ಎಲ್ಲಿಗೆ ಹೋಗುತ್ತಾನೋ ಅವಳಿಗೆ ತಿಳಿಯದು. ಅವನು ಸುಖವಾಗಿ ಮರಳಲೆಂದೇ ಹಚ್ಚಿದ್ದು. ಬೋಸಯ್ಯ ಬಗ್ಗಿ, ಉರಿಯುವ ಬತ್ತಿಯನ್ನು ಬೆರಳಿನಿಂದ ಹೊಸಕಿದ.

"ಇದೇನಪ್ಪ ಮಾಡ್ದೆ? ಮುಸ್ಸಂಜೆ ಹೊತ್ನಾಗೆ ಹೊಸ್ತಿಲ ದೀಪ ಕೈಯಾರೆ ಆರಿಸ್ತಾರೇನು? ನಿನಗೇನಾರ ಆದ್ರೆ ನಂಗ್ಯಾರು ದಿಕ್ಕು?"

"ಇವತ್ತೊಂದು ಸಂಜೆ ಕತ್ಲಾಗೆ ಇರವ್ವ. ಯಾಕಂತ ಕೇಳ್ಬ್ಯಾಡ."

ಅವಳು ಕೇಳಲಿಲ್ಲ. ಆದರೆ ಅವನು ಕಣ್ಮರೆಯಾದದ್ದೇ ತಡ, ಅವಳು ಮನೆಯಲ್ಲಿದ್ದ ಹಣತೆಗಳನ್ನೆಲ್ಲ ಹೊರಗೆ ತಂದಳು. ದೀಪ ಆರಿದ ಮನೆಯಿಂದ ಹೊರಟವನು ತಿರುಗಿ ಬರುತ್ತಾನೆಯೇ? ಅಪಶಕುನ ಕಳೆಯಲೆಂದು ಅವಳು ಹೊಸ್ತಿಲಿನ ಉದ್ದಕ್ಕೂ ಸಾಲು ಹಣತೆ ಹಚ್ಚಿದಳು. ಬೋಸಯ್ಯ ದೀಪ ಆರಿಸಿದನಂತೆ ಎಂಬ ಸುದ್ದಿ ಕೇರಿಯಲ್ಲಿ ಹಬ್ಬಿ, ದೇವರು ಮುನಿದಾನೆಂದು ಎಲ್ಲ ಹೆಂಗಸರೂ ಹಾಗೆಯೇ ಮಾಡಿದರು. ಒಬ್ಬೊಬ್ಬರದೂ ಒಳ್ಳೆಯ ಮನಸ್ಸೇ.

ಗುಡ್ಡದ ಮೇಲಿನಿಂದ ಬೋಸಯ್ಯ ಕೆಳಗೆ ನೋಡಿದರೆ ಊರಿಗೆ ಊರೇ ಬೆಳಗುತ್ತಿತ್ತು. ಯಾಳಿಗಳು ಬಂದವು, ಅವನ ದೀಪದ ಮೇಲೆ ಒಂದು ಸುತ್ತು ಹಾಕಿ ಊರಿನ ಕಡೆಗೆ ಕತ್ತು ತಿರುಗಿಸಿದವು. ಅವನು ಗಡಿಗೆಯ ಎಣ್ಣೆಯನ್ನೆಲ್ಲ ಸುರಿದ. ಕಂಬಳಿಗೆ ಬೆಂಕಿ ಹಚ್ಚಿ, ಸೀಳಿನಿಂದ ಹೊರಗೆ ಬಂದು, ಬಯಲಲ್ಲಿ ನಿಂತು ಬೀಸಿದ. ಇಲ್ಲಿಗೆ ಬನ್ನಿ, ನನ್ನನ್ನು ತಿನ್ನಿ ಎಂದು ಕೂಗಿದ. ಅವನ ಕಡೆಗೆ ಒಂದೂ ಬರಲಿಲ್ಲ ಎನ್ನುತ್ತಾರೆ.

ಅವನು ಇಳಿದು ಬರುವಷ್ಟರಲ್ಲಿ ಕೇರಿಗಳು ಬರಿದಾಗಿದ್ದವು. ಕೂಟದ ಉಳಿದಿಬ್ಬರೂ ಯಾಳಿಗಳ ಪಾಲಾಗಿದ್ದರು. ಅವನ ಮನೆಯ ಮಾಡು ಕಿತ್ತುಹೋಗಿತ್ತು, ಒಳಗೆ ಸೂರಮ್ಮ ಇರಲಿಲ್ಲ. ಬದುಕುಳಿದವರು ಚಾವಡಿಯ ಮುಂದೆ ಸೇರಿ, ನೀನು ಆ ದೀಪ ಆರಿಸಿದ್ದಕ್ಕೇ ದೇವರು ಈ ಮೃಗಗಳನ್ನು ಬಿಟ್ಟ ಎಂದು ಅವನನ್ನು ಹಿಡಿದು ನಿಲ್ಲಿಸಿದರು. ಬೋಸಯ್ಯ ಆಗ ಎಲ್ಲವನ್ನೂ ಹೇಳಿದ.

"ಗುಡ್ಡದ ದೀಪ ದೇವ್ರದಲ್ಲ, ನಂದು. ನಿಮ್ಮ ದೀಪ ಕಂಡೇ ಅವು ಬಂದ್ವು. ಇನ್ನ ಹೇಳಾಕೆ ನಂಗ್ಯಾವ ಹೆದರ್ಕೆ? ಮುಟ್ಟಾಕೆ ನೆತ್ತಿನೇ ಇಲ್ಲ."

ಮಗಳು ಹೋದ ದುಃಖಕ್ಕೆ ತಲೆ ಕೆಟ್ಟಿದೆ ಎಂದು ಹಿರಿಯರು ಮರುಗಿ ಅವನನ್ನು ಬಿಟ್ಟುಬಿಟ್ಟರು. ದೇವರಿಗೆ ತಪ್ಪುಕಾಣಿಕೆಯಾಗಿ ಇನ್ನು ಪ್ರತಿ ಅಮಾವಾಸ್ಯೆಗೂ ಎಲ್ಲ ಮನೆಗಳಲ್ಲಿ ದೀಪವಿಡುವುದೆಂದು ಗೊತ್ತುಮಾಡಿದರು. ಬೋಸಯ್ಯ ಸಾಯುವ ತನಕ ಗುಡ್ಡ ಹತ್ತಿ ತನ್ನ ದೀಪ ಹಚ್ಚಿದ. ಊರು ತುಂಬ ಸಾಲುದೀಪ, ಆ ಮರುಳನದೊಂದು ಒಂಟಿದೀಪ ಎಂದು ಜನ ನಗುತ್ತಿದ್ದರು. ಗುಡ್ಡಕ್ಕೆ ಹೆಸರಾಗಿ ಉಳಿದದ್ದು ಆ ನಗೆಯ ಮಾತು. ಹೊಟ್ಟೆ ತುಂಬಿದ ಯಾಳಿಗಳು ಅವನಿರುವ ತನಕ ಮತ್ತೆ ಬರಲಿಲ್ಲ. ಅವನ ಕಾಲದ ನಂತರ ಊರು ಎರಡು ಸಲ ಹಾಳಾಯಿತಂತೆ. ಎರಡು ಸಲವೂ ದೀಪ ಕಡಿಮೆಯಾಯಿತೆಂದೇ ಅಂದುಕೊಂಡರು.

ಈಗಲೂ ಅಮಾವಾಸ್ಯೆಯ ಸಂಜೆ ಬಂದರೆ ನೋಡಬಹುದು. ಪ್ರತಿ ಮನೆಯ ಹೊಸ್ತಿಲಲ್ಲೂ ಗುಡ್ಡಕ್ಕೆ ಮುಖ ಮಾಡಿ ಹಣತೆಗಳ ಸಾಲು. ಪೇಟೆಯಿಂದ ಬಂದವರು ಎಷ್ಟು ಚೆಂದ ಎನ್ನುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ. ನಾನು ಈ ಕತೆ ಹೇಳಿದರೆ ತಲೆದೂಗುತ್ತಾರೆ. ನಮ್ಮ ಮನೆಯ ಹೆಂಗಸರೂ ಕೇಳಿದ್ದಾರೆ, ಕೇಳಿ ಕಣ್ಣೊರೆಸಿಕೊಂಡಿದ್ದಾರೆ, ಸೂರಮ್ಮನ ಹೆಸರಿನಲ್ಲಿ ಒಂದು ಹಣತೆ ಹೆಚ್ಚಿಗೆ ಹಚ್ಚಿಡುತ್ತಾರೆ.