ಗೀಜಗ ಒಪ್ಪಿಕೊಂಡದ್ದು

ಏಳು ದೇಶದ ಹಕ್ಕಿಗಳಿಗೆ ಗೂಡು ನೇಯ್ದು ಕೊಡುತ್ತಿದ್ದ ಗೀಜಗವೊಂದು ಎಲ್ಲ ಗೂಡಿಗೂ ಒಂದೇ ಕೆರೆಯ ಹುಲ್ಲು ತರಿಸುತ್ತಿತ್ತು. ಒಂದು ವರ್ಷ ಕೆರೆ ಬತ್ತಿ ಹುಲ್ಲು ಸೊರಗಿತು.

"ಈ ಎಳೆ ಭಾರ ತಡೆಯುವುದಿಲ್ಲ, ಯಜಮಾನರೇ," ಎಂದಿತು ಹುಲ್ಲು ಆರಿಸುವ ಮುದಿ ಹಕ್ಕಿ.

"ಬೇರೆ ಹುಲ್ಲು ಹುಡುಕುವಷ್ಟರಲ್ಲಿ ಗಿರಾಕಿಗಳು ಕೈಬಿಟ್ಟು ಹೋಗುತ್ತಾರೆ. ಸುಮ್ಮನೆ ಕೊಡು," ಎಂದು ಗೀಜಗ ನೇಯತೊಡಗಿತು.

ತಿಂಗಳೊಳಗೆ ದೂರದೇಶದ ಗುಬ್ಬಿಯೊಂದು ಹಾರಿಬಂತು. ಗೂಡು ಹರಿದು ಅದರ ಮೂರು ಮೊಟ್ಟೆಗಳೂ ನೆಲಕ್ಕೆ ಬಿದ್ದು ಒಡೆದಿದ್ದವು. ಅದು ಜಗಳವಾಡಲಿಲ್ಲ. "ಹುಲ್ಲು ಕೆಟ್ಟದ್ದು ನಿಮಗೆ ಗೊತ್ತಿರಲಿಲ್ಲ, ಅಲ್ಲವೇ?" ಎಂದಷ್ಟೇ ಕೇಳಿತು.

ಮುದಿ ಹಕ್ಕಿ ಪಕ್ಕದಲ್ಲೇ ಹುಲ್ಲು ಆರಿಸುತ್ತಿತ್ತು. ಗೀಜಗಕ್ಕೆ ತಲೆ ಎತ್ತಲಾಗಲಿಲ್ಲ.

"ಗೊತ್ತಿತ್ತು, ತಾಯಿ," ಎಂದಿತು.

ಅಂದಿನಿಂದ ಅದು ಮರಮರಕ್ಕೂ ಹಾರಿ, ತಾನು ನೇಯ್ದ ಗೂಡಿನಲ್ಲಿ ಮೊಟ್ಟೆ ಇಡಬೇಡಿ ಎಂದು ತಾನೇ ಹೇಳುತ್ತ ಹೋಯಿತು.