ಗಂಡಿನ ಕಡೆಯವನು

ಶಿಷ್ಯ ಕೇಳಿದ: "ಗುರುಗಳೇ, ಗೊತ್ತಿದ್ದೂ ಜನ ಹಬ್ಬದ ಹೆಸರಿನಲ್ಲಿ ಮರವನ್ನು ಕೊಲ್ಲುವುದೇಕೆ?"

ಅಂದು ಉತ್ಥಾನ ದ್ವಾದಶಿ. ಸಂಜೆ ಮಠದಲ್ಲಿ ತುಳಸಿಯ ಮದುವೆ. ತುಳಸಿಯ ಪಕ್ಕದಲ್ಲಿ ವರನಾಗಿ ನಿಲ್ಲಿಸಲು ನೆಲ್ಲಿಯ ಕೊಂಬೆ ಬೇಕು. ಅದಕ್ಕಾಗಿ ಶಿಷ್ಯ ಬೆಳಿಗ್ಗೆ ಊರಾಚೆ ಹೋಗಿದ್ದ. ಕೊಂಬೆಯನ್ನು ತಂದಿದ್ದ, ಜೊತೆಗೆ ಸಿಟ್ಟನ್ನೂ ತಂದಿದ್ದ.

"ಆ ಮರದಲ್ಲಿ ಇನ್ನು ಹತ್ತು ಕೊಂಬೆಯೂ ಉಳಿದಿಲ್ಲ," ಎಂದ. "ಜನರ ಮಾತು ಬಿಡಿ. ಮರದ ಒಡೆಯನಿಗೇನಾಗಿದೆ? ನಿಂತು ನಗುನಗುತ್ತ ಕಡಿದು ಕೊಡುತ್ತಿದ್ದಾನೆ. ಅವನಿಗಾದರೂ ಯಾರಾದರೂ ತಿಳಿಹೇಳಬಾರದೇ?"

ಗುರು ಶಿಷ್ಯನ ಕೈಯಲ್ಲಿದ್ದ ಕೊಂಬೆಯನ್ನು ನೋಡಿದರು. ಅದು ತಕ್ಕಮಟ್ಟಿಗೆ ದೊಡ್ಡದಾಗಿಯೇ ಇತ್ತು.

"ತಿಳಿದವನೊಬ್ಬನಿದ್ದ, ಕೇಳು," ಎಂದರು.

ಒಂದು ಊರಿನ ಹೊರಗೆ ಒಂದು ದಿಬ್ಬ. ದಿಬ್ಬದ ಮೇಲೆ ಒಂದು ನೆಲ್ಲಿಯ ಮರ. ಮರದ ಪಕ್ಕದ ಗುಡಿಸಲಿನಲ್ಲಿ ಹಗ್ಗ ಹೊಸೆಯುವವನೊಬ್ಬ ಇದ್ದ. ಹೆಣ್ಣು ಕೇಳಲು ಹೋಗುವ ಹಿರಿಯರು ಅವನಿಗಿರಲಿಲ್ಲ. ತಾನೇ ಹೋಗಿ ಕೇಳುವುದು ಆ ಊರಿನಲ್ಲಿ ಮರ್ಯಾದೆಯಾಗಿರಲಿಲ್ಲ. ಹೀಗೆ ಮರ್ಯಾದೆ ಕಾಪಾಡಿಕೊಂಡು ಅವನು ಐವತ್ತು ವರ್ಷ ದಾಟಿದ್ದ.

ಅವನಿಗೂ ಒಂದು ಹೆಸರಿತ್ತು. ಕರೆಯುವವರಿಲ್ಲದೆ ಬಳಕೆ ತಪ್ಪಿಹೋಗಿತ್ತು. ಊರಿನವರು 'ದಿಬ್ಬದವನು' ಎನ್ನುತ್ತಿದ್ದರು. ಅದೂ ಹಗ್ಗ ಹರಿದಾಗ.

ಹಗ್ಗ ಹೊಸೆಯಲು ಇಬ್ಬರು ಬೇಕು. ಒಬ್ಬ ಒಂದು ತುದಿಯನ್ನು ಹಿಡಿದು ನಿಲ್ಲಬೇಕು. ಇನ್ನೊಬ್ಬ ಹೊಸೆಯುತ್ತ ಹಿಂದೆ ಹಿಂದೆ ಸರಿಯಬೇಕು. ಅವನಿಗೆ ಇನ್ನೊಬ್ಬ ಇರಲಿಲ್ಲ. ಆ ತುದಿಯನ್ನು ನೆಲ್ಲಿಯ ಮರಕ್ಕೆ ಕಟ್ಟುತ್ತಿದ್ದ. ಮರ ಬೇಸರಪಡದೆ ಹಿಡಿದುಕೊಳ್ಳುತ್ತಿತ್ತು.

ವರ್ಷದಲ್ಲಿ ಒಂದು ದಿನ ಮಾತ್ರ ಹೀಗಿರುತ್ತಿರಲಿಲ್ಲ. ತುಳಸಿಯ ಮದುವೆಯ ದಿನ ಇಡೀ ಊರು ದಿಬ್ಬ ಹತ್ತುತ್ತಿತ್ತು. ಆ ಸುತ್ತಿನಲ್ಲಿ ಇದ್ದದ್ದು ಅದೊಂದೇ ನೆಲ್ಲಿಯ ಮರ. ವರ ಆ ಮರದಿಂದಲೇ ಬರಬೇಕು. ಹಿಂದೆ ಯಾವಾಗಲೋ ಒಬ್ಬ ತಮಾಷೆಗೆಂದು ತಾಂಬೂಲದ ತಟ್ಟೆ ಹಿಡಿದು ಬಂದಿದ್ದ. ತಮಾಷೆ ಎರಡು ಸಲ ನಡೆಯಿತು. ಮೂರನೆಯ ಸಲಕ್ಕೆ ಅದು ಸಂಪ್ರದಾಯವಾಯಿತು.

ಬಂದವರು ತಟ್ಟೆಯನ್ನು ಮುಂದೆ ಇಟ್ಟು ಕೇಳಬೇಕು: "ಬೀಗರೇ, ನಿಮ್ಮ ಹುಡುಗನನ್ನು ನಮ್ಮ ಹುಡುಗಿಗೆ ಕೊಡ್ತೀರಾ?"

ಹಗ್ಗದವನು ಗಂಭೀರವಾಗಿ ಹೇಳಬೇಕು: "ಹುಡುಗ ಒಳ್ಳೆಯವನು. ಸ್ವಲ್ಪ ಹುಳಿ."

"ಇರಲಿ ಬಿಡಿ, ನಮ್ಮ ಹುಡುಗಿಯೂ ಸ್ವಲ್ಪ ಖಾರವೇ."

ಎಲ್ಲರೂ ನಗಬೇಕು. ಪ್ರತಿ ಮನೆಯವರೂ ಇದನ್ನೇ ಕೇಳುತ್ತಿದ್ದರು, ಪ್ರತಿ ಮನೆಯವರಿಗೂ ಅವನು ಇದನ್ನೇ ಹೇಳುತ್ತಿದ್ದ. ಆಮೇಲೆ ಅವರು ಅವನ ಚಾಪೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವನ ಮೊಣಕಾಲು ನೋವು ಹೇಗಿದೆ ಎಂದು ಕೇಳುತ್ತಿದ್ದರು. ಆ ಒಂದು ದಿನ ಅವನು ಊರಿಗೆಲ್ಲ ಬೀಗ. ಮರುದಿನದಿಂದ ಮತ್ತೆ ದಿಬ್ಬದವನು.

ಮೊದಲು ಇಪ್ಪತ್ತು ಮನೆಗಳಿದ್ದವು. ಗೇಣುದ್ದದ ರೆಂಬೆ ಸಾಕಾಗುತ್ತಿತ್ತು. ಊರು ಬೆಳೆಯಿತು. ವ್ಯಾಪಾರಿಯೊಬ್ಬ ತುಳಸಿಕಟ್ಟೆಯನ್ನು ಎದೆಯೆತ್ತರಕ್ಕೆ ಕಟ್ಟಿಸಿದ. ಕಟ್ಟೆ ಎತ್ತರವಾದ ಮೇಲೆ ವರ ಗಿಡ್ಡನಾಗಿದ್ದರೆ ಚೆನ್ನಾಗಿರುವುದಿಲ್ಲ. ಅವನು ತೋಳಿನಷ್ಟು ದಪ್ಪದ ಕೊಂಬೆ ಕೇಳಿದ. ನೆರೆಮನೆಯವನ ಹುಡುಗಿಯೇನು ಕಡಿಮೆಯೇ? ಅವನು ತೊಡೆಯಷ್ಟು ದಪ್ಪದ್ದನ್ನು ಕೇಳಿದ. ಮದುವೆಯಾದ ಮೂರನೆಯ ದಿನ ವರರೆಲ್ಲ ಒಣಗುತ್ತಿದ್ದರು. ಅವರನ್ನು ಕೆರೆಗೆ ಹಾಕುತ್ತಿದ್ದರು. ಕೆರೆ ಒಂದು ತಿಂಗಳು ನಾರುತ್ತಿತ್ತು. ತುಳಸಿ ಮಾತ್ರ ಮುಂದಿನ ವರ್ಷ ಮತ್ತೆ ಕನ್ಯೆಯಾಗಿರುತ್ತಿದ್ದಳು. ಈ ವಿಷಯವನ್ನು ಯಾರೂ ಕೆದಕುತ್ತಿರಲಿಲ್ಲ.

ಮರ ತೆಳುವಾಯಿತು. ಕಾಯಿ ಬಿಡುವುದು ನಿಂತಿತು. ಗಿಳಿಗಳು ಬರುವುದು ನಿಂತಿತು.

ಒಂದು ಬೇಸಗೆಯಲ್ಲಿ ಸೌದೆ ಕಡಿಯುವವನೊಬ್ಬ ಹಗ್ಗಕ್ಕೆಂದು ಬಂದ. ಅವನು ಮರದ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದ.

"ಇದು ಇನ್ನೊಂದು ಹಬ್ಬ ತಾಳೋದಿಲ್ಲ," ಎಂದ. "ಮೂರು ವರ್ಷ ಯಾರೂ ಕೈ ಹಚ್ಚಬಾರದು. ಹಾಗಾದರೆ ಚಿಗುರೀತು."

"ಮೂರು ವರ್ಷವೇ?"

"ಮರಕ್ಕೆ ಮೂರು ವರ್ಷ ಏನು ಮಹಾ? ಕಣ್ಣು ಮುಚ್ಚಿ ತೆರೆಯೋದರಲ್ಲಿ ಕಳೀತದೆ."

ಸೌದೆಯವನಿಗೆ ಹೆಂಡತಿ, ನಾಲ್ಕು ಮಕ್ಕಳು, ಅತ್ತೆ ಎಲ್ಲ ಇದ್ದರು. ಮೂರು ವರ್ಷ ಅವನಿಗೆ ಹಾಗೆ ಕಂಡದ್ದರಲ್ಲಿ ತಪ್ಪಿಲ್ಲ.

ಹಗ್ಗದವನು ಯೋಚಿಸಿದ. ಕೊಂಬೆ ಇಲ್ಲವೆಂದರೆ ಯಾರೂ ದಿಬ್ಬ ಹತ್ತುವುದಿಲ್ಲ. ಕೊಂಬೆ ಕೊಟ್ಟರೆ ಮರ ಸಾಯುತ್ತದೆ. ಸತ್ತ ಮೇಲೂ ಯಾರೂ ಹತ್ತುವುದಿಲ್ಲ. ಲೆಕ್ಕ ಕಷ್ಟದ್ದೇನಲ್ಲ. ಈ ವರ್ಷ ಬೇಡ ಎಂದು ಹೇಳಿಬಿಡುವುದೆಂದು ನಿಶ್ಚಯಿಸಿದ.

ಆದರೆ ಅವನಿಗೆ ಮಾತಾಡಿ ಅಭ್ಯಾಸ ಕಡಿಮೆ. ಆದ್ದರಿಂದ ದಿನವೂ ಹಗ್ಗ ಹೊಸೆಯುತ್ತ, ಮರದಿಂದ ಹಿಂದೆ ಹಿಂದೆ ಸರಿಯುತ್ತ, ಒಂದೊಂದು ಹೆಜ್ಜೆಗೂ ಮರದ ಕಡೆ ನೋಡಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ: "ಈ ವರ್ಷ ಬೇಡ, ಬೀಗರೇ." ಬೀಗರೇ ಎನ್ನುವುದನ್ನು ಬಿಡಲು ಮನಸ್ಸು ಬರಲಿಲ್ಲ. ಆರು ತಿಂಗಳು ಹೇಳಿದ. ಮಾತು ಹಗ್ಗದಷ್ಟೇ ಗಟ್ಟಿಯಾಯಿತು ಎಂದುಕೊಂಡ.

ಹಬ್ಬ ಬಂತು. ಅವನು ಮಿಂದು, ಮಡಿಸಿಟ್ಟ ಪಂಚೆ ಉಟ್ಟು, ಚಾಪೆ ಹಾಸಿದ. ಬೇಡ ಎನ್ನುವುದಕ್ಕೆ ಚಾಪೆ ಯಾಕೆ ಎಂದು ಅವನಿಗೂ ಅನ್ನಿಸಿತು. ಆದರೂ ಹಾಸಿದ.

ಮೊದಲು ಬಂದವನು ವ್ಯಾಪಾರಿ. ಹಿಂದೆ ಆಳು, ಆಳಿನ ಹೆಗಲಿನಲ್ಲಿ ಕೊಡಲಿ. ಕೆಳಗೆ ದಾರಿಯುದ್ದಕ್ಕೂ ಜನ. ವ್ಯಾಪಾರಿ ಏದುಸಿರು ಬಿಡುತ್ತ ತಟ್ಟೆ ಇಟ್ಟ.

"ಏನು ಬೀಗರೇ, ಇಳಿದುಹೋಗಿದ್ದೀರಲ್ಲ! ಮೊಣಕಾಲು ಹೇಗಿದೆ? ಹುಡುಗನನ್ನು ಕೊಡ್ತೀರೋ, ಹೊತ್ತುಕೊಂಡು ಹೋಗಲೋ?"

ಹಗ್ಗದವನು ಬಾಯಿ ತೆರೆದ. ವ್ಯಾಪಾರಿ ನಗಲು ಸಿದ್ಧನಾಗಿ ಅವನ ಮುಖವನ್ನೇ ನೋಡುತ್ತಿದ್ದ. ಒಂದು ವರ್ಷದಿಂದ ಅವನ ಮುಖವನ್ನು ಯಾರೂ ಹಾಗೆ ನೋಡಿರಲಿಲ್ಲ.

"ಹುಡುಗ ಒಳ್ಳೆಯವನು," ಎಂದ ಹಗ್ಗದವನು. "ಸ್ವಲ್ಪ ಹುಳಿ."

ಎಲ್ಲರೂ ನಕ್ಕರು. ಅವನೂ ನಕ್ಕ. ಸಂಜೆಯ ಹೊತ್ತಿಗೆ ಮರದಲ್ಲಿ ಕಾಂಡ ಒಂದೇ ಉಳಿದಿತ್ತು.

ಬೇಸಗೆಯಲ್ಲಿ ಅದು ಒಣಗಿತು. ಊರಿನವರು ಅರಳಿಕಟ್ಟೆಯ ಮೇಲೆ ಕುಳಿತು ಮರುಗಿದರು. ಈಗಿನ ಮರಗಳಿಗೆ ಮೊದಲಿನ ಗಟ್ಟಿತನವಿಲ್ಲ ಎಂದು ಒಬ್ಬ ಹೇಳಿದ. ಹೊಸ ಸಸಿ ನೆಡಬೇಕೆಂದು ತೀರ್ಮಾನವಾಯಿತು. ತೀರ್ಮಾನ ಚೆನ್ನಾಗಿತ್ತು, ಎಲ್ಲರೂ ಒಪ್ಪಿ ಮನೆಗೆ ಹೋದರು.

ಹಗ್ಗದವನು ಎಂದಿನಂತೆ ತುದಿಯನ್ನು ಕಾಂಡಕ್ಕೆ ಕಟ್ಟಿ ಹೊಸೆದ. ಸತ್ತ ಮರವೂ ಹಗ್ಗವನ್ನು ಹಿಡಿದುಕೊಳ್ಳುತ್ತದೆ. ಆ ಮಟ್ಟಿಗೆ ಅವನ ಕಸುಬಿಗೆ ತೊಂದರೆಯಾಗಲಿಲ್ಲ. ಹಿಂದೆ ಸರಿಯುವಾಗ ಹೇಳಿಕೊಳ್ಳಲು ಮಾತು ಮಾತ್ರ ಇರಲಿಲ್ಲ.

ಮತ್ತೆ ಹಬ್ಬ ಬಂತು. ಅವನು ಮಿಂದು, ಪಂಚೆ ಉಟ್ಟು, ಚಾಪೆ ಹಾಸಿ ಕುಳಿತ. ಕೆಳಗೆ ದೂರದ ಗುಡ್ಡದ ಕಡೆಯಿಂದ ಒಂದು ಗಾಡಿ ಬರುವುದು ಕಂಡಿತು. ಗಾಡಿಯ ತುಂಬ ನೆಲ್ಲಿಯ ಕೊಂಬೆಗಳು. ಅಲ್ಲೂ ಯಾರದೋ ಒಂದು ಮರ ಇದ್ದಿರಬೇಕು.

ಮಧ್ಯಾಹ್ನ ವ್ಯಾಪಾರಿಯ ಆಳು ದಿಬ್ಬ ಹತ್ತಿ ಬಂದ. ಹಗ್ಗದವನು ಎದ್ದು ನಿಂತ.

"ಬನ್ನಿ, ಕೂತುಕೊಳ್ಳಿ. ಹುಡುಗ..."

"ಹಗ್ಗ ಬೇಕಿತ್ತು," ಎಂದ ಆಳು. "ಗಾಡಿಯಲ್ಲಿ ಕೊಂಬೆ ಜಾರ್ತಿದೆ. ಬೇಗ ಕೊಡಿ."

"ಎಷ್ಟು ಮಾರು?"

"ಹನ್ನೆರಡು."

ಹಗ್ಗದವನು ಅಳೆದು ಕೊಟ್ಟ. ಆಳು ಇಳಿದುಹೋದ. ಸಂಜೆ ಊರಿನ ಮನೆಮನೆಯಿಂದಲೂ ಜಾಗಟೆಯ ಸದ್ದು ದಿಬ್ಬದವರೆಗೆ ಕೇಳಿಸಿತು. ಅವನು ಎದ್ದು ಚಾಪೆಯನ್ನು ಸುತ್ತಿ ಒಳಗಿಟ್ಟ.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ನಾನು ಹೇಳಿದ್ದೇ ಸರಿಯಾಯಿತಲ್ಲ, ಗುರುಗಳೇ," ಎಂದ ಶಿಷ್ಯ. "ತಪ್ಪು ಅವನದೇ. ಬೇಡ ಎಂದು ಒಂದು ಮಾತು ಹೇಳಿದ್ದರೆ ಮರ ಉಳಿಯುತ್ತಿತ್ತು."

ಗುರು ಕೇಳಿದರು: "ಬೆಳಿಗ್ಗೆ ನಿನಗೆ ಈ ಕೊಂಬೆ ಕೊಟ್ಟನಲ್ಲ, ಅವನ ಹೆಸರೇನು?"

ಶಿಷ್ಯ ಬಾಯಿ ತೆರೆದ. ಹೆಸರನ್ನು ಅವನು ಕೇಳಿಯೇ ಇರಲಿಲ್ಲ.